ಅರವತ್ತಮೂರರಲ್ಲಿ ಹೆಜ್ಜೆ ಕಲಿಸಿದ ಊರು

‘ಅಪ್ಪಯ್ಯ, ಬೂಟು ಮಾತ್ರ ಅಲ್ಲಿಂದ ತರಬೇಡಿ, ಇಲ್ಲೇ ಕೊಳ್ಳೋಣ’ ಎಂದು ಮಗಳು ಫೋನಿನಲ್ಲಿ ಒಂದಲ್ಲ, ಮೂರು ಸಲ ಹೇಳಿದ್ದಳು. ನಾನು ಕೇಳಲಿಲ್ಲ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ, ಕಪ್ಪುಹಲಗೆಯ ಮೇಲೆ ಶೀತವಲಯ, ಸಮಶೀತೋಷ್ಣ ವಲಯಗಳ ಗೆರೆ ಎಳೆದೆಳೆದು ಬೆರಳು ಸವೆಸಿಕೊಂಡವನಿಗೆ ಹಿಮದಲ್ಲಿ ಯಾವ ಬೂಟು ಹಾಕಬೇಕೆಂದು ತಿಳಿಯದೆ? ಶಿವಮೊಗ್ಗದ ಅಂಗಡಿಯೊಂದರಲ್ಲಿ ದಪ್ಪ ಅಟ್ಟೆಯ ಚರ್ಮದ ಬೂಟು ಕೊಂಡೆ. ‘ಇದನ್ನ ಹಾಕ್ಕಂಡು ಹಿಮಾಲಯಾನೇ ಹತ್ತಬಹುದು ಸಾರ್’ ಎಂದು ಅಂಗಡಿಯವನು ಭರವಸೆಯನ್ನೂ ಕೊಟ್ಟ. ಅವನು ಹಿಮಾಲಯ ನೋಡಿದ್ದನೋ ಇಲ್ಲವೋ ಎಂದು ಕೇಳಲು ನನಗೆ ಹೊಳೆಯಲಿಲ್ಲ.

ಸಪ್ಪೊರೊ ತಲುಪಿದ ಮಾರನೆಯ ಬೆಳಿಗ್ಗೆ ಮಗಳ ಮನೆಯಿಂದ ನೂರು ಮಾರು ನಡೆದಿದ್ದೆವೋ ಇಲ್ಲವೋ, ನಾಲ್ಕು ದಾರಿ ಕೂಡುವ ಒಂದು ಕಡೆ ಹಸಿರು ದೀಪ ಬಂತೆಂದು ಕಾಲೆತ್ತಿ ಇಟ್ಟೆ. ಆಮೇಲೆ ನನಗೆ ಕಂಡದ್ದು ಆಕಾಶ. ನಡುವೆ ಏನಾಯಿತೆಂಬುದು ಈಗಲೂ ನೆನಪಿಲ್ಲ. ಕಾಲೇಜು ಹುಡುಗನಂತಿದ್ದ ಒಬ್ಬ ಓಡಿ ಬಂದು ತೋಳು ಹಿಡಿದು ಎಬ್ಬಿಸಿದ. ಜಪಾನಿಯಲ್ಲಿ ಏನೋ ಎರಡು ಸಲ ಕೇಳಿದ. ನನ್ನ ಕೈಕಾಲು ನೆಟ್ಟಗಿವೆ ಎಂದು ಖಾತ್ರಿಯಾದ ಮೇಲೆ ರಸ್ತೆಯ ಮೂಲೆಗೆ ಹೋಗಿ, ಅಲ್ಲಿದ್ದ ಪೆಟ್ಟಿಗೆಯೊಂದರ ಮುಚ್ಚಳ ತೆಗೆದು, ಒಂದು ಪೊಟ್ಟಣ ಎತ್ತಿಕೊಂಡು ಬಂದ. ಅದರಲ್ಲಿದ್ದ ಸಣ್ಣ ಜಲ್ಲಿಯನ್ನು ನಾನು ಬಿದ್ದ ಜಾಗದ ಮೇಲೆ ಕೋಳಿಗೆ ಕಾಳು ಹಾಕುವಂತೆ ಎರಚಿದ. ಅಷ್ಟರಲ್ಲಿ ದೀಪ ಕೆಂಪಾಗಿತ್ತು. ಅವನು ತೆಪ್ಪಗೆ ನಿಂತು ಕಾದು, ಹಸಿರು ಬಂದಾಗ ದಾಟಿ ಹೋದ. ನನಗಾಗಿ ಎರಚಿದ್ದಲ್ಲ, ನಾನು ಆಗಲೇ ಬಿದ್ದಾಗಿತ್ತಲ್ಲ! ನನ್ನ ಹಿಂದೆ ಬರುವವರಿಗಾಗಿ.

‘ಮಾರಾಯ್ರೆ, ಹಿಮಾಲಯ ಹತ್ತಿ ಆಯ್ತಾ?’ ಎಂದಳು ನನ್ನ ಹೆಂಡತಿ. ಮಗಳು ಮಾತ್ರ ನಗಲಿಲ್ಲ. ಅವಳ ಮುಖ ಬಿಳುಚಿಕೊಂಡಿತ್ತು. ಅಪ್ಪ ಬಿದ್ದನೆಂಬ ಗಾಬರಿ ಎಂದುಕೊಂಡೆ. ಕಾರಣ ಬೇರೆಯೇ ಇತ್ತು. ಅದು ತಿಳಿದದ್ದು ಆರು ದಿನಗಳ ಮೇಲೆ.

ಮಗಳು 2022ರ ಸೆಪ್ಟೆಂಬರಿನಲ್ಲಿ ಸಪ್ಪೊರೊದ ಹೊಕ್ಕೈದೊ ವಿಶ್ವವಿದ್ಯಾಲಯಕ್ಕೆ ಮಣ್ಣಿನ ವಿಜ್ಞಾನ ಓದಲು ಹೋದವಳು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ಹುಡುಗಿ ಮಣ್ಣು ಓದುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ನೆಲದ ಮಣ್ಣೇ ಕಣ್ಣಿಗೆ ಬೀಳದ ಊರಿಗೆ ಹೋಗಿ ಓದುವುದು ಹೇಗೆ ಎಂದು ನಮ್ಮ ಅಡಿಕೆ ಮಂಡಿಯ ಗೆಳೆಯರು ತಮಾಷೆ ಮಾಡುತ್ತಿದ್ದರು. 2024ರ ಜನವರಿಯಲ್ಲಿ ನಾವಿಬ್ಬರೂ ಹನ್ನೆರಡು ದಿನ ಅವಳ ಜೊತೆ ಇದ್ದು ಬಂದೆವು. ನೋಡಿಕೊಂಡು ಬರಲು ಎಂದು ಊರಿಗೆಲ್ಲ ಹೇಳಿದ್ದೆವು. ನಿಜ ಹೇಳಬೇಕೆಂದರೆ ಒಂದು ಮಾತು ಆಡಲು ಹೋಗಿದ್ದೆವು. ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕರ ಹುದ್ದೆ ಖಾಲಿಯಾಗುವುದರಲ್ಲಿತ್ತು. ಎಂ.ಎಸ್‌ಸಿ. ಮುಗಿಸಿ ಬಂದುಬಿಡು ಎನ್ನುವುದೇ ಆ ಮಾತು. ಯಾವಾಗ ಹೇಳುವುದು, ಯಾರು ಹೇಳುವುದು ಎಂಬುದನ್ನು ವಿಮಾನದಲ್ಲೂ ತೀರ್ಮಾನಿಸಲು ಆಗಿರಲಿಲ್ಲ.

ಐದು ಮೀಟರ್ ಹಿಮ

ಜಪಾನಿನ ನಕ್ಷೆ ತೆಗೆದುಕೊಂಡರೆ ಉತ್ತರದ ತುದಿಯ ದೊಡ್ಡ ದ್ವೀಪವೇ ಹೊಕ್ಕೈದೊ. ಸಪ್ಪೊರೊ ಅದರ ರಾಜಧಾನಿ. 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಊರು. ಯುರೋಪಿನಲ್ಲಿ ಅದೇ ಗೆರೆಯ ಮೇಲಿರುವ ದಕ್ಷಿಣ ಫ್ರಾನ್ಸಿನ ಕಡಲತೀರದಲ್ಲಿ ಚಳಿಗಾಲ ಬಹಳ ಸೌಮ್ಯ. ಇಲ್ಲಿ ಹಾಗಲ್ಲ. ಸೈಬೀರಿಯಾದಿಂದ ಹೊರಟ ಕೊರೆಯುವ ಒಣ ಗಾಳಿ ಜಪಾನ್ ಸಮುದ್ರ ದಾಟುವಾಗ ತೇವವನ್ನು ಹೀರಿಕೊಂಡು ಬಂದು, ಹೊಕ್ಕೈದೊದ ಪಶ್ಚಿಮ ದಂಡೆಗೆ ಬಡಿದು ಹಿಮ ಸುರಿಸುತ್ತದೆ. ನಮ್ಮ ಪಶ್ಚಿಮಘಟ್ಟದ ಮಳೆಯ ಲೆಕ್ಕವೇ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಮೀಟರಿಗೂ ಹೆಚ್ಚು ಮಳೆ ಬೀಳುವಂತೆ ಸಪ್ಪೊರೊದಲ್ಲಿ ಒಂದು ಚಳಿಗಾಲಕ್ಕೆ ಸುಮಾರು ಐದು ಮೀಟರ್ ಹಿಮ ಬೀಳುತ್ತದೆ. ಜಗತ್ತಿನಲ್ಲಿ ಹೆಚ್ಚು ಹಿಮ ಬೀಳುವ ಊರುಗಳು ಬೇರೆಯೂ ಇವೆ. ಆದರೆ ಇಷ್ಟು ಹಿಮದಡಿಯಲ್ಲಿ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ಬಸ್ಸು, ರೈಲು, ಶಾಲೆ, ಕಚೇರಿ ಎಂದು ಓಡಾಡಿಕೊಂಡಿರುವ ಊರು ಅಪರೂಪ.

ಮೊದಲು ಗಮನಕ್ಕೆ ಬರುವುದು ಚಳಿಯಲ್ಲ, ಮೌನ. ವಿಮಾನ ನಿಲ್ದಾಣದಿಂದ ರೈಲಿನಲ್ಲಿ ಬಂದಿಳಿದು ರಸ್ತೆಗೆ ಕಾಲಿಟ್ಟಾಗ ಕಿವಿಗೆ ಯಾರೋ ಹತ್ತಿ ಇಟ್ಟಂತಾಯಿತು. ಕಾರುಗಳು ಹೋಗುತ್ತಿವೆ, ಸದ್ದಿಲ್ಲ. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆಯಂತೆ. ನಮ್ಮ ಕಡೆ ಮಳೆ ಎಂದರೆ ಹೆಂಚಿನ ಮೇಲೆ ತಮಟೆ. ಇಲ್ಲಿ ಆಕಾಶವೇ ಕಳಚಿ ಬೀಳುತ್ತಿದ್ದರೂ ಕಿಟಕಿಯ ಪರದೆ ಸರಿಸಿ ನೋಡಿದರಷ್ಟೇ ಗೊತ್ತಾಗುವುದು.

ಕೊಡೆ ಹಿಡಿದವರು ಒಬ್ಬರೂ ಕಾಣಲಿಲ್ಲ. ಮಲೆನಾಡಿನವನಾದ ನಾನು ಕೊಡೆಯಿಲ್ಲದೆ ಹೊರಗೆ ಕಾಲಿಡುವವನೇ? ಬಿಡಿಸಿ ಹಿಡಿದೆ. ಎದುರಿಗೆ ಬಂದ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅಲ್ಲಿಯ ಹಿಮ ಒಣ ಹಿಮ. ಅರಳು ಉದುರಿದಂತೆ ಉದುರುತ್ತದೆ, ಒದ್ದೆ ಮಾಡುವುದಿಲ್ಲ. ಬಾಗಿಲಲ್ಲಿ ನಿಂತು ಭುಜ ಕೊಡವಿದರೆ ಮುಗಿಯಿತು. ಸಂಚಾರ ದೀಪಗಳನ್ನು ಗಮನಿಸಿ ಎಂದು ಮಗಳು ತೋರಿಸಿದಳು. ತೋಕಿಯೊದಲ್ಲಿ ಕೆಂಪು, ಹಳದಿ, ಹಸಿರು ದೀಪಗಳು ಅಡ್ಡ ಸಾಲಿನಲ್ಲಿದ್ದವು. ಇಲ್ಲಿ ಒಂದರ ಕೆಳಗೊಂದು. ಅಡ್ಡ ಇದ್ದರೆ ಮೇಲೆ ಹಿಮ ಕೂತು ಭಾರವಾಗುತ್ತದೆ ಎಂದು ನಿಲ್ಲಿಸಿಯೇ ಕಟ್ಟಿದ್ದಾರೆ.

ರಸ್ತೆಗಳು ಕೋಲು ಹಿಡಿದು ಗೆರೆ ಎಳೆದಂತೆ ನೇರ. ವಿಳಾಸಗಳೂ ಹಾಗೆಯೇ, ಗ್ರಾಫ್ ಹಾಳೆಯ ಬಿಂದುಗಳಿದ್ದಂತೆ. ವಿಶ್ವವಿದ್ಯಾಲಯ ‘ಉತ್ತರ 8, ಪಶ್ಚಿಮ 5’. ಊರಿನ ಹಳೆಯ ಗಡಿಯಾರದ ಕಟ್ಟಡ ‘ಉತ್ತರ 1, ಪಶ್ಚಿಮ 2’. ಎರಡು ಸಂಖ್ಯೆ ಗೊತ್ತಿದ್ದರೆ ದಾರಿ ತಪ್ಪುವ ಹಾಗೇ ಇಲ್ಲ. ಗಣಿತದ ಮೇಷ್ಟ್ರುಗಳಿಗೆ ಮೆಚ್ಚುಗೆಯಾಗುವ ಊರು. 1869ರಲ್ಲಿ ಮೇಜಿ ಸರ್ಕಾರ ಈ ದ್ವೀಪವನ್ನು ‘ಅಭಿವೃದ್ಧಿ’ಪಡಿಸಲು ಹೊರಟಾಗ ಕಟ್ಟಿದ ನಗರ ಇದು. ಆದರೆ ಸಪ್ಪೊರೊ ಎಂಬ ಹೆಸರು ಮಾತ್ರ ಜಪಾನಿ ಭಾಷೆಯದಲ್ಲ. ಅದು ಅದಕ್ಕೂ ಮೊದಲು ಇಲ್ಲಿದ್ದ ಐನು ಜನರ ಮಾತು. ಒಣಗಿದ ದೊಡ್ಡ ಹೊಳೆ ಎಂಬರ್ಥದ ಪದದಿಂದ ಬಂದದ್ದು ಎನ್ನುತ್ತಾರೆ. ನೇರ ಗೆರೆಗಳು ಬರುವ ಮೊದಲು ಇಲ್ಲಿ ಮೀನು ಹಿಡಿದು, ಬೇಟೆಯಾಡಿ ಬದುಕಿದ್ದವರನ್ನು ಬದಿಗೆ ಸರಿಸಿಯೇ ಊರು ಬೆಳೆಯಿತು. ಐನು ಜನ ಮೂಲನಿವಾಸಿಗಳೆಂದು ಜಪಾನಿನ ಕಾಯ್ದೆಯೊಂದು ಬರೆದುಕೊಂಡದ್ದು 2019ರಲ್ಲಿ. ಅಷ್ಟು ನೇರವಾದ ಬೀದಿಗಳಲ್ಲಿ ನಡೆಯುವಾಗ ಇದು ನನಗೆ ಆಗಾಗ ನೆನಪಾಗುತ್ತಿತ್ತು.

ಪೆಂಗ್ವಿನ್ ಪಾಠ

ಬಿದ್ದ ದಿನವೇ ಮಧ್ಯಾಹ್ನ ಹೊಸ ಬೂಟು ಬಂತು. ಮೆತ್ತನೆಯ ರಬ್ಬರಿನ ಅಟ್ಟೆ, ಅದರಲ್ಲಿ ಆಳವಾದ ಗೀರುಗಳು. ಗಟ್ಟಿಯಾಗಿದ್ದಷ್ಟೂ ಜಾರುತ್ತದೆ, ಮೆತ್ತಗಿದ್ದರೆ ಹಿಡಿಯುತ್ತದೆ ಎಂದು ಮಗಳು ವಿವರಿಸಿದಳು. ಶಿವಮೊಗ್ಗದ ಬೂಟು ಕೋಣೆಯ ಮೂಲೆ ಸೇರಿತು.

ಆಮೇಲೆ ನಡಿಗೆಯ ಪಾಠ. ಸಪ್ಪೊರೊದಲ್ಲಿ ಅದಕ್ಕೆ ಪೆಂಗ್ವಿನ್ ನಡಿಗೆ ಎಂದೇ ಹೆಸರು. ಹೊಸಬರಿಗೆ ಹೀಗೆ ನಡೆಯಿರಿ ಎಂದು ಚಿತ್ರ ಬರೆದು ತಿಳಿಸುತ್ತಾರೆ. ಹೆಜ್ಜೆ ಚಿಕ್ಕದಾಗಿರಬೇಕು. ಹಿಮ್ಮಡಿ ಮೊದಲು ಊರಬಾರದು, ಇಡೀ ಅಂಗಾಲು ಒಟ್ಟಿಗೇ ನೆಲಕ್ಕೆ ತಾಗಬೇಕು. ಮೈ ತುಸು ಮುಂದಕ್ಕೆ ಬಾಗಿರಬೇಕು. ಕೈಗಳು ಕಿಸೆಯಲ್ಲಿರಕೂಡದು. ಅವಸರ ಎಂಬುದೇ ಕೂಡದು. ಎಲ್ಲಕ್ಕಿಂತ ಅಪಾಯದ ಜಾಗ ಯಾವುದು ಗೊತ್ತೆ? ಆಳವಾದ ಹಿಮವಲ್ಲ, ರಸ್ತೆ ದಾಟುವ ಕಡೆ, ಕಾರಿನ ಚಕ್ರಗಳು ಉಜ್ಜಿ ಉಜ್ಜಿ ಕನ್ನಡಿ ಮಾಡಿಟ್ಟ ಮಂಜುಗಡ್ಡೆ. ಅದಕ್ಕೇ ಅಂಥ ಮೂಲೆಗಳಲ್ಲಿ ಜಲ್ಲಿಯ ಪೆಟ್ಟಿಗೆ. ಯಾರು ಬೇಕಾದರೂ ತೆಗೆದು ಎರಚಬಹುದು. ಕಾವಲಿಲ್ಲ, ಬೀಗವಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಅಂಗಳ ಪಾಚಿಗಟ್ಟಿದಾಗ ಅಡಿಕೆ ದಬ್ಬೆ ಹಾಸಿ ದಾರಿ ಮಾಡುತ್ತೇವಲ್ಲ, ಅದೇ ಬುದ್ಧಿ. ಆದರೆ ನಾವು ಹಾಸುವುದು ನಮ್ಮ ಅಂಗಳದ ಮಟ್ಟಿಗೆ.

ನನ್ನ ಹೆಂಡತಿ ಒಂದೇ ದಿನದಲ್ಲಿ ಕಲಿತಳು. ಸೀರೆಯ ಕೆಳಗೆ ಉಣ್ಣೆಯ ಪ್ಯಾಂಟು, ಮೇಲೆ ಮಗಳ ದೊಡ್ಡ ಕೋಟು ತೊಟ್ಟು ಪುಟುಪುಟು ಹೆಜ್ಜೆ ಇಡುತ್ತಾ ಹೋಗುತ್ತಿದ್ದವಳನ್ನು ಹಿಂದಿನಿಂದ ನೋಡಿದರೆ ಥೇಟು ಪೆಂಗ್ವಿನ್ನೇ. ‘ತೋಟದ ಸಂಕದ ಮೇಲೆ ತಲೆ ಮೇಲೆ ಹೊರೆ ಹೊತ್ಕಂಡು ನಡೆದವಳು ನಾನು’ ಎಂದಳು. ನಾನು ಹೊರೆ ಹೊತ್ತವನಲ್ಲ, ಹಾಜರಿ ಪುಸ್ತಕ ಹೊತ್ತವನು. ನನಗೆ ನಾಲ್ಕು ದಿನ ಬೇಕಾಯಿತು.

ಮನೆಯೊಳಗಿನ ಕಥೆ ಬೇರೆ. ಹೊರಗೆ ಸೊನ್ನೆಗಿಂತ ಆರೇಳು ಡಿಗ್ರಿ ಕೆಳಗೆ. ಒಳಗೆ ಸೀಮೆಎಣ್ಣೆಯ ಒಲೆ ಹೊತ್ತಿಸಿದರೆ ಬನಿಯನ್ನಿನಲ್ಲಿ ಕೂರಬಹುದು. ಎರಡು ಪದರದ ಕಿಟಕಿ. ಬಾಗಿಲು ತೆರೆದೊಡನೆ ತಗ್ಗಾದ ಒಂದು ಜಾಗ, ಅಲ್ಲಿ ಬೂಟು ಬಿಚ್ಚಿ ಮೇಲೆ ಹತ್ತಬೇಕು. ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಬೆಳೆದ ನಮಗೆ ಇದರಲ್ಲಿ ಕಲಿಯುವುದೇನೂ ಇರಲಿಲ್ಲ. ಕಲಿಯಬೇಕಾದ್ದು ನೀರಿನ ವಿಷಯ. ಕೊರೆಯುವ ಚಳಿಯ ರಾತ್ರಿ ಅಥವಾ ಮನೆ ಬಿಟ್ಟು ಹೋಗುವಾಗ ಒಂದು ತಿರುಪು ತಿರುಗಿಸಿ ಕೊಳವೆಯಲ್ಲಿರುವ ನೀರನ್ನೆಲ್ಲ ನೆಲದಡಿಗೆ ಇಳಿಸಬೇಕು. ಮರೆತರೆ ನೀರು ಗಡ್ಡೆ ಕಟ್ಟಿ ಕೊಳವೆ ಸೀಳುತ್ತದೆ. ಮಗಳು ಪ್ರತಿ ರಾತ್ರಿ ಬಾಗಿಲ ಅಗುಳಿ ನೋಡಿದಂತೆ ಆ ತಿರುಪನ್ನು ನೋಡಿ ಮಲಗುತ್ತಿದ್ದಳು. ಊರಲ್ಲಿದ್ದಾಗ ಬಚ್ಚಲ ನಲ್ಲಿ ನಿಲ್ಲಿಸದೆ ಬೈಸಿಕೊಳ್ಳುತ್ತಿದ್ದ ಹುಡುಗಿ ಇವಳೇನೆ?

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟವೇ. ನೋಡಲು ಬರೀ ಸೊಪ್ಪಿನ ಸಾರಿನಂತಿರುತ್ತದೆ, ಅಡಿಯಲ್ಲಿ ಮೀನಿನ ತಿಳಿ ಇರುತ್ತದೆ. ನಾವು ಅವಲಕ್ಕಿ, ಚಟ್ನಿಪುಡಿ ಹೊತ್ತುಕೊಂಡು ಹೋಗಿದ್ದೆವು. ‘ಸೂಪ್ ಕರಿ’ ಎಂಬುದು ಸಪ್ಪೊರೊದವರೇ ಕಂಡುಹಿಡಿದ ತಿಂಡಿ. ಖಾರ ಎಷ್ಟಿರಬೇಕೆಂದು ಅಂಕಿಯಲ್ಲಿ ಹೇಳಬೇಕು. ಕೋಳಿಯ ತಿಳಿ ಹಾಕದೆ ಮಾಡಿಕೊಡುವ ಅಂಗಡಿಯನ್ನು ಮಗಳು ಹುಡುಕಿಟ್ಟಿದ್ದಳು. ದೊಡ್ಡ ದೊಡ್ಡ ಹೋಳಿನ, ತೆಳ್ಳಗಿನ ಹುಳಿ ಎನ್ನಿ. ಚೆನ್ನಾಗಿತ್ತು.

ಜಾರಿದರೆ ನಪಾಸು

ಅಲ್ಲಿಯ ಮಾತಿನಲ್ಲಿ ನನಗೆ ಬಹಳ ಹಿಡಿಸಿದ್ದು ಜೋಡಿಪದಗಳು. ನುಣುಪಾದ ಮಂಜುಗಡ್ಡೆಗೆ ‘ತ್ಸುರುತ್ಸುರು’ ಎನ್ನುತ್ತಾರೆ. ಸದ್ದಿಲ್ಲದೆ ಒಂದೇ ಸಮ ಹಿಮ ಬೀಳುವುದಕ್ಕೆ ‘ಶಿನ್‌ಶಿನ್’. ಸದ್ದೇ ಇಲ್ಲದ್ದಕ್ಕೂ ಒಂದು ಸದ್ದಿನ ಪದ! ನಮ್ಮ ವ್ಯಾಕರಣದ ಅನುಕರಣಾವ್ಯಯಗಳೇ ಇವು. ಥಳಥಳ, ಸರಸರ, ದಬದಬ ಎಂದು ನಾನು ಹೇಳುತ್ತಾ ಹೋದಂತೆ ಮಗಳು ಅವಕ್ಕೆ ಸಾಟಿಯಾದ ಜಪಾನಿ ಪದ ಹುಡುಕುತ್ತಿದ್ದಳು. ಒಂದು ಸಂಜೆಯಿಡೀ ಇದೇ ಆಟ.

ಜಾರುವುದಕ್ಕೆ ಜಪಾನಿಯಲ್ಲಿ ‘ಸುಬೆರು’. ಇದೇ ಮಾತಿಗೆ ಪರೀಕ್ಷೆಯಲ್ಲಿ ನಪಾಸಾಗುವುದು ಎಂಬ ಅರ್ಥವೂ ಇದೆ. ಆದ್ದರಿಂದ ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಜಾರಿದೆ, ಬಿದ್ದೆ ಎಂಬ ಮಾತುಗಳನ್ನೇ ಆಡಬಾರದಂತೆ. ಊರಿಗೆ ಊರೇ ಜಾರುವ ಜನವರಿಯಲ್ಲಿ ಈ ವ್ರತ ಪಾಲಿಸುವುದು ಹೇಗೋ! ಜಪಾನಿನ ಕೆಲವು ರೈಲ್ವೆ ಸಂಸ್ಥೆಗಳು ಇದನ್ನೇ ಉಪಾಯವಾಗಿ ಬಳಸುತ್ತವೆ. ರೈಲಿನ ಚಕ್ರ ಹಳಿಯ ಮೇಲೆ ಜಾರದಿರಲು ಉದುರಿಸುವ ಮರಳನ್ನು ಪುಟ್ಟ ಪೊಟ್ಟಣ ಕಟ್ಟಿ ವಿದ್ಯಾರ್ಥಿಗಳಿಗೆ ಪರೀಕ್ಷೆಯ ತಾಯಿತದಂತೆ ಹಂಚುತ್ತವೆ. ಕಿಟ್‌ಕ್ಯಾಟ್ ಚಾಕೊಲೇಟಿಗೂ ಅಲ್ಲಿ ಇದೇ ಗೌರವ. ಅದರ ಹೆಸರು ‘ಖಂಡಿತ ಗೆಲ್ಲುತ್ತೀಯೆ’ ಎಂಬ ಅರ್ಥದ ‘ಕಿತ್ತೊ ಕತ್ಸು’ ಎಂಬ ಮಾತಿನಂತೆ ಕೇಳಿಸುತ್ತದೆಯಂತೆ. ನಮ್ಮಲ್ಲಿ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವುದಿಲ್ಲವೆ?

ನಾವಿದ್ದಾಗಲೇ, ಜನವರಿ 13 ಮತ್ತು 14ರಂದು, ಇಡೀ ಜಪಾನಿನ ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆ ನಡೆಯಿತು. ಐದು ಲಕ್ಷಕ್ಕೆ ಹತ್ತಿರ ಮಕ್ಕಳು ಒಂದೇ ಸಲ ಬರೆಯುವ ಪರೀಕ್ಷೆ. ಹಿಮಗಾಲದ ನಡುಮಧ್ಯದಲ್ಲಿ ಇಟ್ಟಿದ್ದಾರೆ. ಹೊಕ್ಕೈದೊ ವಿಶ್ವವಿದ್ಯಾಲಯವೂ ಒಂದು ಕೇಂದ್ರ. ಮೊದಲ ದಿನ ಬೆಳಿಗ್ಗೆ ಕುತೂಹಲಕ್ಕೆಂದು ಹೋಗಿ ದೂರ ನಿಂತೆವು. ಗದ್ದಲವಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಸಣ್ಣ ಹೆಜ್ಜೆಯಿಡುತ್ತಾ ಒಳಗೆ ಹೋಗುತ್ತಿದ್ದರು. ಒಬ್ಬ ತಂದೆ ಮಗನ ಮೊಣಕೈಯನ್ನು ಮುಟ್ಟಿದರೂ ಮುಟ್ಟದ ಹಾಗೆ ಹಿಡಿದುಕೊಂಡು ಮಂಜುಗಡ್ಡೆಯ ಮೇಲೆ ಗೇಟಿನವರೆಗೂ ಬಂದರು. ಗೇಟಿನಲ್ಲಿ ಕೈ ಬಿಟ್ಟರು. ಮಗ ಹಿಂತಿರುಗಿ ನೋಡಲಿಲ್ಲ. ಅವನು ಕಣ್ಮರೆಯಾದ ಮೇಲೂ ತಂದೆ ಅಲ್ಲೇ ನಿಂತಿದ್ದರು, ಟೋಪಿಯ ಮೇಲೆ ಹಿಮ ಕೂರುತ್ತಿತ್ತು. ಮೂವತ್ತನಾಲ್ಕು ವರ್ಷ ಪರೀಕ್ಷಾ ಕೊಠಡಿಯ ಒಳಗಿದ್ದ ನಾನು ಗೇಟಿನ ಹೊರಗೆ ನಿಲ್ಲುವವರನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಪಕ್ಕದ ಮನೆಯ ಅಜ್ಜಿ

ರಾತ್ರಿ ಎರಡು ಗಂಟೆಗೆ ಮನೆ ನಡುಗಿತು. ಭೂಕಂಪವೆಂದು ಎದ್ದು ಕೂತೆ. ಕಿಟಕಿಯಾಚೆ ಕಿತ್ತಳೆ ಬಣ್ಣದ ದೀಪ ಸುತ್ತುತ್ತಿತ್ತು. ಹಿಮ ತಳ್ಳುವ ಯಂತ್ರ. ಹತ್ತು ಸೆಂಟಿಮೀಟರಿನಷ್ಟು ಹೊಸ ಹಿಮ ಬೀಳುವ ಸೂಚನೆಯಿದ್ದರೆ ಸಾಕು, ನಡುರಾತ್ರಿ ಈ ಯಂತ್ರಗಳು ಹೊರಟು ಜನ ಏಳುವುದರೊಳಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆಯನ್ನು ತೆರವು ಮಾಡುತ್ತವೆ. ಇತ್ತೀಚಿನ ವರ್ಷಗಳಲ್ಲಿ ನಗರಸಭೆ ಹಿಮಕ್ಕಾಗಿ ಎತ್ತಿಡುತ್ತಿರುವ ಹಣ ಎರಡು ಸಾವಿರ ಕೋಟಿ ಯೆನ್‌ಗೂ ಹೆಚ್ಚು. ಅಷ್ಟಾದರೂ ಕೆಲವೊಮ್ಮೆ ಹಿಮವೇ ಗೆಲ್ಲುತ್ತದೆ. 2022ರ ಫೆಬ್ರವರಿಯಲ್ಲಿ ಒಂದೇ ದಿನದಲ್ಲಿ 60 ಸೆಂಟಿಮೀಟರ್ ಬಿದ್ದು ಸಪ್ಪೊರೊ ನಿಲ್ದಾಣದಿಂದ ಒಂದು ರೈಲೂ ಹೊರಡಲಿಲ್ಲ.

ಯಂತ್ರ ರಸ್ತೆಯನ್ನೇನೋ ಬಿಡಿಸುತ್ತದೆ. ತಳ್ಳಿದ ಹಿಮವನ್ನು ಪ್ರತಿ ಮನೆಯ ಮುಂದೆ ಒಡ್ಡಿನಂತೆ ಬಿಟ್ಟು ಹೋಗುತ್ತದೆ. ಅದನ್ನು ಮನೆಯವರೇ ತೆಗೆಯಬೇಕು. ಬೆಳಿಗ್ಗೆ ಆರಕ್ಕೆ ಪಕ್ಕದ ಮನೆಯ ಅಜ್ಜಿ ಕೆಲಸಕ್ಕೆ ನಿಂತಿರುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಐದಡಿಯೂ ಇಲ್ಲದ ಮೈಕಟ್ಟು. ಕೈಯಲ್ಲಿ ದೊಡ್ಡ ಮೊರಕ್ಕೆ ಹಿಡಿಕೆ ಹಾಕಿದಂಥ ಒಂದು ಸಾಧನ. ಅದರ ಹೆಸರು ‘ಮಾಮಾಸಾನ್ ಡಂಪ್’. ಅಂದರೆ ಅಮ್ಮನ ಡಂಪ್ ಲಾರಿ! ಗಂಡಸರು ಕೆಲಸಕ್ಕೆ ಹೋದ ಮೇಲೆ ಹಿಮ ಎತ್ತುವವರು ಯಾರು ಎಂಬುದನ್ನು ಆ ಹೆಸರೇ ಹೇಳುತ್ತದೆ.

ಆರನೆಯ ಬೆಳಿಗ್ಗೆ ನಾನೂ ಒಂದು ಸಲಿಕೆ ಹಿಡಿದು ಹೊರಗೆ ಹೋದೆ. ಅಜ್ಜಿ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಆಮೇಲೆ ಅವರು ಮಗಳ ಕಿಟಕಿಯ ಕಡೆ ಬೆರಳು ತೋರಿಸಿ, ತಮ್ಮ ಎಡ ಮಣಿಕಟ್ಟು ಹಿಡಿದುಕೊಂಡು, ಜಾರಿ ಬಿದ್ದಂತೆ ನಟಿಸಿ, ಮುಂಗೈ ಸುತ್ತ ಬಟ್ಟೆ ಸುತ್ತುವಂತೆ ಬೆರಳು ಸುತ್ತಿಸಿ, ಈಗ ಹೇಗಿದೆ ಎಂದು ಹುಬ್ಬೇರಿಸಿದರು. ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ. ಒಳಗೆ ಬಂದು ಕೇಳಿದೆ.

2023ರ ಫೆಬ್ರವರಿ. ಪ್ರಯೋಗಾಲಯದಿಂದ ಸಂಜೆ ಬರುವಾಗ, ನಾನು ಬಿದ್ದ ಅದೇ ಮೂಲೆಯಲ್ಲಿ ಬಿದ್ದು ಎಡ ಮಣಿಕಟ್ಟಿನ ಮೂಳೆ ಮುರಿದಿತ್ತು. ಟ್ಯಾಕ್ಸಿ ಕರೆಸಿ ಆಸ್ಪತ್ರೆಗೆ ಕರೆದೊಯ್ದವರು ಇದೇ ಅಜ್ಜಿ. ಆರು ವಾರ ಪ್ಲಾಸ್ಟರ್. ಆ ಆರು ವಾರವೂ ವಾರಕ್ಕೆರಡು ಸಲ ನಾವು ವಿಡಿಯೊದಲ್ಲಿ ಮಾತಾಡಿದ್ದೇವೆ. ಎಡಗೈ ಮೇಜಿನ ಕೆಳಗಿತ್ತು. ‘ಅದಕ್ಕೇ ಆವಾಗ ಬರೀ ಮೊಸರನ್ನ, ಮೊಸರನ್ನ ಅಂತಿದ್ದೆ’ ಎಂದು ಅವಳಮ್ಮ ಅಲ್ಲೇ ಕುಸಿದು ಕೂತಳು. ನನಗೆ ಬಂದದ್ದು ಸಿಟ್ಟು. ಏನೇನೋ ಅಂದೆ. ಕೊನೆಗೆ ಅವಳು ಇಷ್ಟೇ ಕೇಳಿದಳು: ‘ಹೇಳಿದ್ರೆ ನೀವು ಏನು ಮಾಡ್ತಿದ್ರಿ ಅಪ್ಪಯ್ಯ? ವೀಸಾ ಸಿಗೋದ್ರೊಳಗೆ ಮೂಳೆ ಕೂಡಿರ್ತಿತ್ತು.’

ಆ ಹೊತ್ತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಯಂತ್ರದ ಸದ್ದಿಗೆ ಎಚ್ಚರವಾಗಿ ಮಲಗಿದ್ದಾಗ ನೆನಪಾಯಿತು. 1980ರಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ನನಗೆ ಕಾಮಾಲೆಯಾಗಿತ್ತು. ಇಪ್ಪತ್ತು ದಿನ ಮಜ್ಜಿಗೆ ಅನ್ನದಲ್ಲಿದ್ದೆ. ಆಗ ಅಮ್ಮನಿಗೆ ಹಾಕಿದ ಎರಡೂ ಕಾರ್ಡುಗಳಲ್ಲಿ ಬರೆದದ್ದು: ‘ನಾನು ಇಲ್ಲಿ ಕ್ಷೇಮ, ಚಿಂತೆ ಮಾಡಬೇಡ.’ ಅಮ್ಮ ತೀರಿಕೊಳ್ಳುವವರೆಗೂ ಆ ಕಾಮಾಲೆಯ ಸುದ್ದಿ ಅವಳಿಗೆ ಗೊತ್ತಾಗಲಿಲ್ಲ.

ಮಣ್ಣು ಕಾಣದ ನೆಲ

ಮಾರನೆಯ ದಿನ ಮಗಳು ತನ್ನ ವಿಶ್ವವಿದ್ಯಾಲಯ ತೋರಿಸಿದಳು. 1876ರಲ್ಲಿ ಕೃಷಿ ಕಾಲೇಜಾಗಿ ಆರಂಭವಾದದ್ದು. ಅಮೆರಿಕದಿಂದ ಬಂದ ವಿಲಿಯಂ ಕ್ಲಾರ್ಕ್ ಎಂಬ ಪ್ರಾಧ್ಯಾಪಕ ಇಲ್ಲಿದ್ದದ್ದು ಎಂಟೇ ತಿಂಗಳು. ಊರು ಅವನನ್ನು ಇನ್ನೂ ಮರೆತಿಲ್ಲ. ಮೂವತ್ತನಾಲ್ಕು ವರ್ಷ ಒಂದೇ ತಾಲೂಕಿನಲ್ಲಿ ಪಾಠ ಮಾಡಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತೆನ್ನಿ. ನನಗೆ ಹೆಚ್ಚು ಇಷ್ಟವಾದದ್ದು ನಕಯಾ ಉಕಿಚಿರೊ ಎಂಬ ವಿಜ್ಞಾನಿಯ ಕಥೆ. 1936ರಲ್ಲಿ ಇದೇ ಆವರಣದ ಶೀತಲ ಕೋಣೆಯೊಂದರಲ್ಲಿ, ಮೊಲದ ಕೂದಲೆಳೆಯ ತುದಿಯಲ್ಲಿ, ಆತ ಜಗತ್ತಿನಲ್ಲೇ ಮೊದಲ ಬಾರಿಗೆ ಹಿಮದ ಹರಳನ್ನು ಕೃತಕವಾಗಿ ಬೆಳೆಸಿದ. ಹರಳಿನ ಆಕಾರ ನೋಡಿದರೆ ಮೇಲಿನ ಗಾಳಿಯ ಉಷ್ಣತೆ, ತೇವ ಎಷ್ಟೆಂದು ಓದಬಹುದು ಎಂದು ತೋರಿಸಿ, ಹಿಮವನ್ನು ಆಕಾಶ ಬರೆದ ಪತ್ರಕ್ಕೆ ಹೋಲಿಸಿದ. ಕೋಟಿನ ತೋಳಿನ ಮೇಲೆ ಬಿದ್ದ ಹರಳುಗಳನ್ನು ಮಗಳು ತೋರಿಸಿದಳು. ಆರು ಮೂಲೆಯ ನಕ್ಷತ್ರಗಳು, ಕಣ್ಣು ಮಿಟುಕಿಸುವುದರೊಳಗೆ ಕರಗುತ್ತಿದ್ದವು.

ನೂರು ವರ್ಷ ದಾಟಿದ ಮರದ ಕೊಟ್ಟಿಗೆಗಳ ಮುಂದೆ ನಿಂತಿದ್ದಾಗ ಆ ಮಾತು ತೆಗೆದೆ. ಶಿವಮೊಗ್ಗದ ಹುದ್ದೆ. ಅವಳು ಸ್ವಲ್ಪ ಹೊತ್ತು ಬೂಟಿನ ತುದಿಯಿಂದ ಹಿಮ ಕೆದಕುತ್ತಿದ್ದಳು. ‘ಪಿಎಚ್.ಡಿ.ಗೆ ಇನ್ನೂ ಮೂರು ಚಳಿಗಾಲ ಬೇಕು ಅಪ್ಪಯ್ಯ. ಮಾಡ್ಬೇಕು ಅಂತಿದೀನಿ’ ಎಂದಳು. ಮೂರು ವರ್ಷ ಎನ್ನಲಿಲ್ಲ, ಮೂರು ಚಳಿಗಾಲ ಎಂದಳು. ‘ಈ ಹಿಮದ ಕೆಳಗೆ ಮಣ್ಣು ಸುಮ್ನೆ ಮಲಗಿರಲ್ಲ. ಹಿಮವೇ ಕಂಬಳಿ. ಅದರಡಿಯ ಜೀವಾಣುಗಳು ಕೆಲಸ ಮಾಡ್ತಾನೇ ಇರ್ತವೆ. ಅದನ್ನೇ ನಾನು ಅಳೆಯೋದು.’ ಶಿವಮೊಗ್ಗದ ಮಾತು ಅಲ್ಲಿಗೆ ನಿಂತಿತು. ವಾಪಸು ಬರುವಾಗ ದಾರಿ ತ್ಸುರುತ್ಸುರು ಎನ್ನುತ್ತಿತ್ತು. ಮೊಣಕೈ ಹಿಡಿದದ್ದು ಅವಳು, ನಾನಲ್ಲ.

ಉಳಿದ ದಿನಗಳು ಬೇಗ ಕಳೆದವು. ಶಾಲೆಗೆ ಹೋಗುವ ಚಿಕ್ಕ ಮಕ್ಕಳನ್ನು ನೋಡುವುದೇ ನನಗೊಂದು ಕೆಲಸವಾಯಿತು. ಹೊಕ್ಕೈದೊದಲ್ಲಿ ಬೇಸಿಗೆ ರಜೆ ಚಿಕ್ಕದು, ಚಳಿಗಾಲದ ರಜೆ ದೊಡ್ಡದು. ರಜೆ ಮುಗಿದು ಶಾಲೆ ತೆರೆದಾಗ ಆಟದ ಮೈದಾನದಲ್ಲೇ ಹಿಮದ ಗುಡ್ಡ ಎದ್ದಿತ್ತು. ಆಟದ ಪಿರಿಯಡ್ಡಿನಲ್ಲಿ ಅದರ ಮೇಲೆ ಸ್ಕೀ ಪಾಠ. ಬೀಳುತ್ತಿದ್ದರು, ಏಳುತ್ತಿದ್ದರು, ಯಾವ ಟೀಚರೂ ಓಡಿ ಬರುತ್ತಿರಲಿಲ್ಲ.

ಓದೋರಿ ಎಂಬ ಉದ್ದನೆಯ ಉದ್ಯಾನದಲ್ಲಿ ಫೆಬ್ರವರಿಯ ಹಿಮ ಉತ್ಸವಕ್ಕೆ ತಯಾರಿ ನಡೆದಿತ್ತು. ಲಾರಿಗಳಲ್ಲಿ ಬಿಳಿ ಹಿಮ ತಂದು ಸುರಿದು, ಸಾರುವೆ ಕಟ್ಟಿ ಗುಡಿಗೋಪುರಗಳಷ್ಟು ಎತ್ತರ ಕೆತ್ತುತ್ತಿದ್ದರು. 1950ರಲ್ಲಿ ಊರಿನ ಶಾಲಾ ಮಕ್ಕಳು, ಬೀದಿಯ ಹಿಮ ತಂದು ಸುರಿಯುತ್ತಿದ್ದ ಈ ಜಾಗದಲ್ಲಿ ಆರು ಬೊಂಬೆ ಮಾಡಿದ್ದರಿಂದ ಶುರುವಾದ ಹಬ್ಬ ಇದು. ಹಬ್ಬ ನೋಡುವ ಯೋಗ ನಮಗಿರಲಿಲ್ಲ, ತಯಾರಿ ನೋಡಿದೆವು.

ಬಿಡದೆ ಹಿಮ ಸುರಿದ ಒಂದು ಮಧ್ಯಾಹ್ನ ಟ್ರಾಮ್ ಹಳಿಯ ಮೇಲೆ ಒಂದು ವಿಚಿತ್ರ ಗಾಡಿ ಬಂತು. ಮುಂದೆ ಬಿದಿರಿನ ಕಡ್ಡಿಗಳ ದೊಡ್ಡ ಉರುಳೆ ಗರಗರ ತಿರುಗುತ್ತಾ ಹಿಮವನ್ನು ಬದಿಗೆ ಚಿಮ್ಮುತ್ತಿತ್ತು. 1920ರ ದಶಕದಿಂದಲೂ ಇದೇ ವಿಧಾನವಂತೆ. ಅಷ್ಟೆಲ್ಲ ಯಂತ್ರಗಳಿರುವ ಊರಿನಲ್ಲಿ ಕೊನೆಗೆ ಹಳಿ ಗುಡಿಸುವುದು ಬಿದಿರಿನ ಪೊರಕೆ! ‘ನೋಡಿ, ಕಡ್ಡಿ ಪೊರಕೆ’ ಎಂದು ನನ್ನ ಹೆಂಡತಿ ರಸ್ತೆಯಲ್ಲೇ ಚಪ್ಪಾಳೆ ತಟ್ಟಿದಳು.

ಹೊರಡುವ ಹಿಂದಿನ ರಾತ್ರಿ ಅವಳೇ ಒಂದು ಒಪ್ಪಂದ ಬರೆಸಿದಳು, ಬಾಯಿಮಾತಿನಲ್ಲಿ. ಯಾರೇ ಬಿದ್ದರೂ ಅಂದೇ ಹೇಳಬೇಕು. ಹೇಳಿದ ಮೇಲೆ ಯಾರೂ ಬೈಯಬಾರದು, ‘ಬಂದುಬಿಡು’ ಎನ್ನಬಾರದು. ಮೂವರೂ ಒಪ್ಪಿದೆವು. ಬೆಳಿಗ್ಗೆ ಅಜ್ಜಿಗೆ ಒಂದು ಪೊಟ್ಟಣ ಕೆಂಪಡಿಕೆ ಕೊಟ್ಟೆವು. ಅವರು ಅದನ್ನು ಮೂಸಿ ನೋಡಿ, ತಿನ್ನುವುದೋ ನೆಡುವುದೋ ತಿಳಿಯದೆ ಎದೆಗೊತ್ತಿಕೊಂಡು ಬಾಗಿದರು. ಶಿವಮೊಗ್ಗದ ಬೂಟನ್ನು ಅಲ್ಲೇ ಬಿಟ್ಟು ಬಂದೆ.

ಇದೆಲ್ಲ ಆದ ಮೇಲೆ ನಮ್ಮಲ್ಲಿ ಮಳೆಗಾಲ ಬಂತು. ಜುಲೈಯ ಒಂದು ಸಂಜೆ ಕೊಟ್ಟಿಗೆಯಿಂದ ಬರುವಾಗ ದಬ್ಬೆ ತಪ್ಪಿ ಪಾಚಿಯ ಮೇಲೆ ಕಾಲಿಟ್ಟೆ. ಸೊಂಟ ಉಳುಕಿತು, ಅಷ್ಟೇ. ‘ಅವಳಿಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾಳೆ’ ಎಂದು ಹೆಂಡತಿಗೆ ಹೇಳಿ, ಎಣ್ಣೆ ಹಚ್ಚಿಸಿಕೊಂಡು ಮಲಗಿದೆ. ಅರ್ಧ ಗಂಟೆಯಲ್ಲಿ ಫೋನು ಬಡಿದುಕೊಂಡಿತು.

‘ಅಪ್ಪಯ್ಯ, ಒಪ್ಪಂದ ಏನಾಗಿತ್ತು?’